ಜಿಗ್ಗಿಯ ಹೆಸರಿನ ಎರಡನೇ ಚೆಂಡು

ಉಂಗುರದ ಬೆರಳು ಬುಡದ ತನಕ ಒಳಗೆ ಹೋಯಿತು.

ಐರೀನ್ ಡೊಂಬೆಕ್ ಬೆರಳನ್ನು ಹೊರಗೆಳೆದು ನೋಡಿಕೊಂಡಳು. ಮತ್ತೆ ಹಾಕಿದಳು. ಈ ಸಲವೂ ಸಲೀಸಾಗಿ ಹೋಯಿತು. ಹೋಗಬಾರದಿತ್ತು. ಅವಳ ತಮ್ಮ ಜಿಗ್ಗಿಯ ಬಲಗೈಯ ಉಂಗುರದ ಬೆರಳಿಗೆ ತುದಿಯೇ ಇರಲಿಲ್ಲ. ಚರ್ಮ ಹದ ಮಾಡುವ ಕಾರ್ಖಾನೆಯ ಯಂತ್ರ ಅದನ್ನು ಎಂದೋ ತಿಂದುಹಾಕಿತ್ತು. ಹಾಗಾಗಿ ಮೂರು ಬೆರಳು ತೂರಿಸಿ ನೆಲದ ಮೇಲೆ ಉರುಳಿಸುವ ಅವನ ಬೌಲಿಂಗ್ ಚೆಂಡಿನಲ್ಲಿ ಆ ಬೆರಳಿಗೆ ಕೊರೆಸಿದ್ದು ಅರ್ಧ ತೂತು. "ನನ್ನ ಚೆಂಡು ಕದಿಯೋನು ಮೊದಲು ಬೆರಳು ಕತ್ತರಿಸ್ಕೊಂಡು ಬರಬೇಕು" ಎಂದು ಅವನೇ ನಗುತ್ತಿದ್ದ.

ಈ ಚೆಂಡಿನಲ್ಲಿ ಉಂಗುರದ ಬೆರಳಿನ ತೂತು ಪಕ್ಕದ ತೂತಿಗೆ ಸರಿಸಮ ಆಳವಾಗಿತ್ತು. ಮೇಲೆ ಮಾತ್ರ ಜಿಗ್ಗಿ ಎಂಬ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು.

ಮಿಲ್ವಾಕಿ ನಗರದ ದಕ್ಷಿಣ ಭಾಗದ ಈ ಚರ್ಚಿನ ನೆಲಮಾಳಿಗೆಯ ಬೌಲಿಂಗ್ ಅಂಕಣದಲ್ಲಿ ಒಂದು ಪದ್ಧತಿಯಿತ್ತು. ಆಡುವವನು ಬದುಕಿರುವ ತನಕ ಚೆಂಡಿನ ಮೇಲೆ ಕೆತ್ತಿದ ಹೆಸರಿಗೆ ಬಿಳಿ ಬಣ್ಣ. ಸತ್ತ ಮೇಲೆ ಬಿಳಿಯನ್ನು ಕೆರೆದು ಬಂಗಾರದ ಬಣ್ಣ ತುಂಬಿ ಚೆಂಡು ಉರುಳಿಸುವ ಲೇನುಗಳ ಹಿಂದಿನ ಎತ್ತರದ ಹಲಗೆಯ ಮೇಲೆ ಇಡುತ್ತಿದ್ದರು. ವರ್ಷಕ್ಕೊಮ್ಮೆ, ಸತ್ತವರ ತಿಂಗಳಾದ ನವೆಂಬರಿನಲ್ಲಿ, ಮನೆಯವರು ಬಂದು ಕೆಳಗಿಳಿಸಿ ಒರೆಸಬೇಕು. ಒರೆಸಬೇಕು, ಅಷ್ಟೆ. ತೂತಿಗೆ ಬೆರಳು ಹಾಕಕೂಡದು. ಹಾಕಿದರೆ ಸತ್ತವನ ಕೈ ಕುಲುಕಿದ ಹಾಗೆ, ಅವನು ಹಿಡಿದ ಕೈ ಬಿಡುವುದಿಲ್ಲ ಎಂದು ಅಜ್ಜಿಯರು ಹೆದರಿಸಿಟ್ಟಿದ್ದರು.

ಐರೀನ್ ಬೇಕೆಂದೇ ಹಾಕಿದ್ದಳು. ಇವತ್ತು ಅವಳಿಗೆ ತಮ್ಮನ ಕೈ ಹಿಡಿಯಬೇಕಿತ್ತು. ಹಿಡಿದು ಒಂದೇ ಒಂದು ಮಾತು ಹೇಳಬೇಕಿತ್ತು: ಇವತ್ತು ಸಂಜೆಯೊಳಗೆ ನಿನ್ನ ಕೊಂದವನು ಹೆಣವಾಗ್ತಾನೆ ಕಣೋ.

ಮೇ ತಿಂಗಳಲ್ಲಿ ಜಿಗ್ಗಿ ಇದೇ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದು ಜಾರಿ ಅಲ್ಲ, ಹಾರ್ವಿ ವುಟ್ಕೆಯ ಕೈಯಿಂದ ಎಂದು ಅವಳು ತೀರ್ಮಾನಿಸಿ ಆಗಿತ್ತು. ಅವಳ ಕಸುಬೇ ಅದು. ಇನ್ಶೂರೆನ್ಸ್ ಕಂಪನಿಗೆ ಸುಳ್ಳುಗಾರರನ್ನು ಹಿಡಿದುಕೊಡುತ್ತ ತಲೆ ನರೆತವಳು. ಚರ್ಚಿನ ಬೌಲಿಂಗ್ ಲೀಗಿನ ನಾಯಕತ್ವಕ್ಕಾಗಿ ಹಾರ್ವಿ ಮತ್ತು ಜಿಗ್ಗಿ ಕೈಕೈ ಮಿಲಾಯಿಸಿದ್ದನ್ನು ಊರೇ ನೋಡಿತ್ತು. ಆ ಸಂಜೆ ಚರ್ಚಿನ ಹಿಂದೆ ನಿಂತಿದ್ದು ಹಾರ್ವಿಯ ಹಸಿರು ಕಾರು. ಇಷ್ಟಿದ್ದೂ ಪೊಲೀಸರು ತಲೆ ಅಲ್ಲಾಡಿಸಿದ್ದರು. ಗುಂಡಗಿನ ಗಾಯ ನೋಡಿ ಐರೀನ್ ಅವತ್ತೇ ಹೇಳಿದ್ದಳು, ಇದು ಚೆಂಡಿನಿಂದ ಹೊಡೆದದ್ದು ಅಂತ. ಆದರೆ ಜಿಗ್ಗಿಯ ಚೆಂಡು ಅವನ ಪಕ್ಕದಲ್ಲೇ, ಚೀಲದೊಳಗೆ, ಹನಿ ರಕ್ತವಿಲ್ಲದೆ ತಣ್ಣಗೆ ಕೂತಿತ್ತು. ಹೆಸರು ಓದಿದರು, ಬರೆದುಕೊಂಡರು, ಹೋದರು.

ಕಾನೂನು ಕೈಬಿಟ್ಟರೆ ಏನಂತೆ, ಅಣ್ಣ ಇದ್ದನಲ್ಲ.

ನಿನ್ನೆ ಅಮ್ಮನ ಅಡುಗೆಮನೆಯಲ್ಲಿ ಹಿರಿಯಣ್ಣ ಬ್ರೂನೋ ಬಂದೂಕಿಗೆ ಎಣ್ಣೆ ಹಾಕುತ್ತ ಕೂತಿದ್ದಾಗ ಐರೀನ್ ಎಲ್ಲವನ್ನೂ ಹೇಳಿದ್ದಳು. ಇವತ್ತು ಜಿಂಕೆ ಬೇಟೆಯ ಮೊದಲ ದಿನ. ಬ್ರೂನೋ ಮತ್ತು ಹಾರ್ವಿ ಪ್ರತಿವರ್ಷ ಉತ್ತರದ ಕಾಡಿನ ಅದೇ ಮರದ ಗುಡಿಸಲಿಗೆ ಒಂದೇ ಕಾರಿನಲ್ಲಿ ಹೋಗುವವರು.

"ಕಾಡಲ್ಲಿ ಗುಂಡು ಯಾವ ಕಡೆ ಹೋಗುತ್ತೆ ಅಂತ ಯಾರು ಹೇಳಕ್ಕಾಗುತ್ತೆ," ಎಂದಿದ್ದ ಬ್ರೂನೋ. ಆಮೇಲೆ ಒಂದೇ ಪ್ರಶ್ನೆ ಕೇಳಿದ್ದ. "ಈ ವಿಷಯ ಬೇರೆ ಯಾರ ಹತ್ರನಾದ್ರೂ ಬಾಯಿ ಬಿಟ್ಟಿದೀಯಾ?"

"ಇಲ್ಲ."

"ಮುಗಿಸ್ಲಾ?"

"ಮುಗಿಸು," ಎಂದಿದ್ದಳು ಐರೀನ್. ಹೇಳಿ ಹೊಟ್ಟೆ ತುಂಬಾ ಉಂಡು ಮಲಗಿದ್ದಳು. ಆರು ತಿಂಗಳಿಂದ ಬರದ ನಿದ್ದೆ ನಿನ್ನೆ ಬಂದಿತ್ತು.

ಈಗ ಅವಳು ಆ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಇದು ಜಿಗ್ಗಿಯದಲ್ಲ. ಹಾಗಿದ್ದರೆ ಅವನ ಚೆಂಡು ಎಲ್ಲಿ ಹೋಯಿತು? ಅವನ ತಲೆಗೆ ಬಿದ್ದದ್ದೇ ಅದು. ಕೊಂದವನು ರಕ್ತದ ಚೆಂಡನ್ನು ಹೊತ್ತುಕೊಂಡು ಹೋಗಿ ಈ ಚೆಂಡನ್ನು ಚೀಲದೊಳಗೆ ಇಟ್ಟಿದ್ದಾನೆ. ಪೊಲೀಸರಿಗೆ ಸಿಕ್ಕಾಗಲೇ ಇದರ ಮೇಲೆ ಜಿಗ್ಗಿಯ ಹೆಸರಿತ್ತು. ಅಂದರೆ ಹೆಸರು ಕೆತ್ತಿಸಿದ್ದು ಅವನು ಸಾಯುವ ಮೊದಲೇ. ಜಗಳದಲ್ಲಿ ಕೈ ತಪ್ಪಿ ಬಿದ್ದ ಏಟಲ್ಲ ಇದು. ಕೂತು ಲೆಕ್ಕ ಹಾಕಿ ಮಾಡಿದ ಕೊಲೆ. ಆಮೇಲೆ ಎಲ್ಲರೂ ಹೆಸರು ನೋಡಿ ಕೈ ಮುಗಿದರು. ಪದ್ಧತಿಗೆ ಹೆದರಿ ಒಬ್ಬರೂ ಬೆರಳು ಹಾಕಿ ನೋಡಲಿಲ್ಲ.

"ಹಾರ್ವಿ ಮಗನೇ," ಎಂದುಕೊಂಡಳು ಐರೀನ್ ಹಲ್ಲು ಕಚ್ಚಿ. "ಗುಂಡೇಟು ನಿನಗೆ ಕಮ್ಮಿಯೇ ಆಯ್ತು."

ಹೆಸರಿನ ಕೆಳಗೆ ಗಾಳಿಪಟದ ಬಾಲದಂಥ ಒಂದು ಗೆರೆ ಇತ್ತು. ಊರಲ್ಲಿ ಹಾಗೆ ಗೆರೆ ಎಳೆಯುವವನು ಒಬ್ಬನೇ. ಅವನ ಅಂಗಡಿ ಇದೇ ನೆಲಮಾಳಿಗೆಯ ಮೂಲೆಯಲ್ಲಿತ್ತು.

* * *

ಅಲೋಯ್ಸ್ ಮುದುಕ ಕೆತ್ತುವ ಯಂತ್ರದ ಮುಂದೆ ಕೂತು ಸಾಸೇಜು ಸುತ್ತಿದ ರೊಟ್ಟಿ ತಿನ್ನುತ್ತಿದ್ದ. ಮೂರು ತಲೆಮಾರಿನವರ ಚೆಂಡಿಗೆ ತೂತು ಕೊರೆದು ಹೆಸರು ಹಾಕಿದ ಮನುಷ್ಯ. ಐರೀನ್‌ಗೆ ಮೊದಲ ಚೆಂಡು ಮಾಡಿಕೊಟ್ಟವನೂ ಅವನೇ. ಪಕ್ಕದಲ್ಲಿ ರೇಡಿಯೋ ಪೋಲ್ಕಾ ಸಂಗೀತ ಹಾಕಿಕೊಂಡು ಗೊಣಗುಟ್ಟುತ್ತಿತ್ತು.

"ಬಾ ಮಗಾ ಐರೀನ್. ಒರೆಸಿ ಆಯ್ತಾ?"

ಐರೀನ್ ಚೆಂಡನ್ನು ಅವನ ಮೇಜಿನ ಮೇಲಿದ್ದ ರಬ್ಬರ್ ಬಳೆಯಲ್ಲಿ ಕೂರಿಸಿದಳು. ರೇಡಿಯೋ ಆರಿಸಿದಳು.

"ಅಲೋಯ್ಸ್ ಮಾಮ, ಇದು ಯಾರ ಚೆಂಡು?"

"ಏನು, ಕಣ್ಣಿಗೆ ಪೊರೆ ಬಂತಾ ನಿಂಗೆ? ಹೆಸರು ಬರ್ದಿದೆಯಲ್ಲ."

"ಹೆಸರು ಓದೋಕೆ ನಂಗೆ ಬರುತ್ತೆ. ಚೆಂಡು ಯಾರದ್ದು?"

ಮುದುಕ ರೊಟ್ಟಿ ಕೆಳಗಿಟ್ಟ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಬೆರಳು ಹಾಕಿ ನೋಡಿ," ಎಂದಳು ಐರೀನ್.

"ಛೆ ಛೆ, ಸತ್ತವರ ಚೆಂಡಿಗೆ ಯಾರಾದ್ರೂ..."

"ನಾನು ಹಾಕ್ದೆ. ಕೈ ಕುಲುಕಿದೆ. ಅದು ನನ್ನ ತಮ್ಮನ ಕೈ ಅಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲೋಯ್ಸ್ ಬಾಗಿಲ ಕಡೆ ನೋಡಿದ, ಗೋಡೆಯ ಮೇಲಿನ ಫೋನಿನ ಕಡೆ ನೋಡಿದ, ಐರೀನ್‌ಳ ಮುಖವೊಂದನ್ನು ಬಿಟ್ಟು ಎಲ್ಲ ಕಡೆ ನೋಡಿದ. ಐರೀನ್‌ಗೆ ಅಷ್ಟು ಸಾಕಾಗಿತ್ತು.

"ನಿಮಗೆ ಗೊತ್ತಿತ್ತು," ಎಂದಳು. "ಮೇ ತಿಂಗಳಿಂದ ಗೊತ್ತಿತ್ತು. ಬಂಗಾರದ ಬಣ್ಣ ತುಂಬಿದ್ದು ನೀವೇ. ತೂತು ಕಣ್ಣೆದುರಿಗೇ ಇತ್ತು. ನಮ್ಮಮ್ಮ ಪ್ರತಿ ಭಾನುವಾರ ಬಂದು ಈ ಚೆಂಡಿನ ಮುಂದೆ ಕೂತು ಅಳ್ತಾಳೆ ಮಾಮ. ನೀವು ಇಲ್ಲಿಂದ ನೋಡ್ತಾ ಇರ್ತೀರಿ. ಒಂದು ದಿನನಾದ್ರೂ ಅಯ್ಯೋ ಅನ್ನಿಸಲಿಲ್ವಾ?"

"ಅನ್ನಿಸ್ತು ಮಗಾ. ದಿನಾ ಅನ್ನಿಸುತ್ತೆ."

"ಅನ್ನಿಸಿ ಏನು ಮಾಡಿದ್ರಿ? ರೊಟ್ಟಿ ತಿಂದ್ರಿ."

ಮುದುಕ ತಲೆ ತಗ್ಗಿಸಿದ. ಐರೀನ್‌ಗೆ ಕನಿಕರ ಬರಲಿಲ್ಲ. ಬರಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು, ಆ ಉರಿ ಅವಳಿಗೆ ಹಿತವಾಗಿಯೂ ಇತ್ತು. ಕುರ್ಚಿ ಎಳೆದುಕೊಂಡು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಕೇಳಿ. ಕೊಂದವನಿಗೆ ಆಗಬೇಕಾದ್ದು ಇವತ್ತು ಆಗುತ್ತೆ. ಅದಕ್ಕೆ ನಿಮ್ಮ ಸಾಕ್ಷಿ ಬೇಕಾಗಿಲ್ಲ. ನಂಗೆ ನಿಮ್ಮ ಬಾಯಿಂದ ಆ ಹೆಸರು ಕೇಳಬೇಕು, ಅಷ್ಟೆ. ಆಮೇಲೆ ಅಮ್ಮನ ಮುಂದೆ ಬಂದು ಅದನ್ನೇ ಹೇಳ್ಬೇಕು. ಇಲ್ಲ ಅಂದ್ರೆ ಈ ಅಂಗಡಿಗೆ ಬೀಗ ಹಾಕ್ಸಿ ನಿಮ್ಮನ್ನೂ ಅವನ ಪಕ್ಕದಲ್ಲೇ ನಿಲ್ಲಿಸ್ತೀನಿ. ಮಾಡ್ತೀನೋ ಇಲ್ವೋ?"

"ಮಾಡ್ತೀಯ. ನಿಮ್ಮಪ್ಪನ ಹಟ ನಿಂದು."

"ಹಾಗಾದ್ರೆ ಹೇಳಿ. ಹಾರ್ವಿ ಏನಂತ ಹೇಳಿ ಕೆತ್ತಿಸ್ಕೊಂಡ?"

ಅಲೋಯ್ಸ್ ತಲೆಯೆತ್ತಿದ. ಅವನ ಮುಖದಲ್ಲಿ ಭಯ ಇರಬೇಕಾದ ಕಡೆ ಬೇರೇನೋ ಇತ್ತು. ದಾರಿ ತಪ್ಪಿ ಬಂದವರನ್ನು ನೋಡುವ ಹಾಗೆ ಅವಳನ್ನು ನೋಡಿದ.

"ಹಾರ್ವಿನಾ? ಹಾರ್ವಿ ಯಾಕೆ ಬಂದ ಮಧ್ಯದಲ್ಲಿ?"

"ಅವನೇ ಅಲ್ವಾ ಮಾಡ್ಸಿದ್ದು?"

"ಅಯ್ಯೋ ಮಾರಾಯ್ತಿ. ಹಾರ್ವಿ ಮೊನ್ನೆ ಮೊನ್ನೆ ಇಲ್ಲೇ, ನೀನು ಕೂತ ಜಾಗದಲ್ಲೇ ನಿಂತು, ನಿನ್ನ ಹಾಗೇ ಕೇಳ್ದ. ಹಲಗೆಗೆ ಬಣ್ಣ ಹೊಡೆಯೋಕೆ ಅಂತ ಚೆಂಡುಗಳನ್ನ ಇಳಿಸ್ತಾ ಇದ್ನಂತೆ. ಜಾರಿತು ಅಂತ ಬೆರಳು ಹಾಕಿ ಹಿಡ್ಕೊಂಡ್ನಂತೆ. ಇದು ಜಿಗ್ಗಿದಲ್ಲ ಅಂತ ಕೂಗಾಡ್ದ. ಇದನ್ನ ಮೊದಲು ಐರೀನ್‌ಗೆ ಹೇಳ್ಬೇಕು ಅಂದ. ನಿಂಗೆ ಫೋನ್ ಮಾಡ್ಲಿಲ್ವಾ?"

ಮಾಡಿದ್ದ. ಈ ವಾರದಲ್ಲಿ ಎರಡು ಸಲ ಮಾಡಿದ್ದ. "ಕೊಲೆಗಡುಕರ ಹತ್ರ ನಂಗೆ ಮಾತಿಲ್ಲ" ಎಂದು ಐರೀನ್ ಎರಡು ಸಲವೂ ಫೋನು ಕುಕ್ಕಿದ್ದಳು. ಕುಕ್ಕಿ ಸಂತೋಷಪಟ್ಟಿದ್ದಳು.

ಅವಳು ಮುದುಕನ ತೋಳು ಹಿಡಿದಳು. "ಆಮೇಲೆ?"

"ನೀನು ಕೇಳಿಸ್ಕೊಳ್ಳಲ್ಲ ಅಂತ ಬೇಜಾರು ಮಾಡ್ಕೊಂಡ. ಬೇಟೆಗೆ ಹೋದಾಗ ಬ್ರೂನೋ ಹತ್ರ ನಿಧಾನವಾಗಿ ಮಾತಾಡ್ತೀನಿ ಅಂದ. ನಾನು ಬೇಡ ಅನ್ನಬೇಕಿತ್ತು. ಅನ್ಲಿಲ್ಲ. ಬಾಯಿ ಬರ್ಲಿಲ್ಲ ಮಗಾ."

"ಯಾಕೆ ಬೇಡ ಅನ್ನಬೇಕಿತ್ತು?"

ಅಲೋಯ್ಸ್ ಚೆಂಡಿನ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಉಜ್ಜಿದ.

"ಮಾಮ. ಈ ಹೆಸರು ಕೆತ್ತಿಸಿದ್ದು ಯಾರು?"

"ಬ್ರೂನೋ."

ಐರೀನ್ ಕೂತಲ್ಲೇ ಕೂತಿದ್ದಳು. ಕಿವಿಗೆ ಬಿದ್ದದ್ದು ತಲೆಗೆ ಹೋಗಲು ಒಪ್ಪಲಿಲ್ಲ. ಜಿಗ್ಗಿಯ ಶವಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟವನು ಬ್ರೂನೋ. ಸಮಾಧಿಯ ಹತ್ತಿರ ಎಲ್ಲರಿಗಿಂತ ಜೋರಾಗಿ ಅತ್ತವನು ಬ್ರೂನೋ.

"ಸುಳ್ಳು," ಎಂದಳು.

"ಸುಳ್ಳಾಗಿದ್ರೆ ನಾನು ನೆಮ್ಮದಿಯಾಗಿ ಸಾಯ್ತಿದ್ದೆ. ಜಿಗ್ಗಿಯ ಹೆಸರಿನ ಸಂತನ ಹಬ್ಬ ಬರ್ತಾ ಇತ್ತಲ್ಲ, ಮೇ ಮೊದಲ ವಾರ. ಹಬ್ಬಕ್ಕೆ ತಮ್ಮನಿಗೆ ಉಡುಗೊರೆ, ಯಾರಿಗೂ ಹೇಳಬೇಡಿ ಅಂತ ಈ ಚೆಂಡು ತಂದ. ತೂತು ಮೊದಲೇ ಕೊರ್ದಿತ್ತು. ಇಷ್ಟು ಆಳದ ತೂತು ಜಿಗ್ಗಿಗೆ ಆಗಲ್ವಲ್ಲೋ ಅಂದೆ. ಆಮೇಲೆ ತುಂಬಿಸಿ ಸರಿ ಮಾಡ್ಸೋಣ, ಮೊದಲು ಹೆಸರು ಹಾಕಿ ಅಂದ. ಬಿಳಿ ಬಣ್ಣ ತುಂಬಿ ಕೊಟ್ಟೆ. ಅದಾಗಿ ವಾರ ಕಳೆಯೋದ್ರೊಳಗೆ ಜಿಗ್ಗಿ ಮೆಟ್ಟಿಲ ಕೆಳಗೆ ಬಿದ್ದಿದ್ದ."

"ಆವಾಗ ನೀವು ಪೊಲೀಸರಿಗೆ ಹೇಳ್ಲಿಲ್ಲ."

"ಬ್ರೂನೋ ಬಂದು ನನ್ನ ಕಾಲು ಹಿಡ್ಕೊಂಡ. ಆ ಸಂಜೆನೇ ಉಡುಗೊರೆ ಕೊಟ್ಟೆ, ಹೊಸ ಚೆಂಡಿನ ಭಾರಕ್ಕೇ ಜಾರಿರಬೇಕು, ಅಮ್ಮನಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂತ ಅತ್ತ. ನಂಬಿದೆ. ನಂಬೋದು ಸುಲಭ ಇತ್ತು. ಆಮೇಲೆ ಒಂದು ದಿನ ಯೋಚನೆ ಬಂತು: ಹೊಸದು ಕೊಟ್ಟಿದ್ರೆ ಹಳೇದು ಎಲ್ಲಿ? ಕೇಳ್ದೆ. ಬ್ರೂನೋ ನಕ್ಕ. ನಿಮ್ಮ ಮೊಮ್ಮಗಳು ಯಾವ ದಾರೀಲಿ ಸ್ಕೂಲಿಗೆ ಹೋಗ್ತಾಳೆ ಮಾಮ ಅಂತ ಕೇಳ್ದ. ಅಷ್ಟೇ ಕೇಳಿದ್ದು."

ಐರೀನ್ ಎದ್ದು ನಿಂತಳು. ಯಾಕೆ ಕೊಂದ ಎಂದು ಅವಳಿಗೆ ಹೊಳೆಯಲಿಲ್ಲ, ಹೊಳೆಯಿಸಿಕೊಳ್ಳಲು ಸಮಯವೂ ಇರಲಿಲ್ಲ. ಬೇರೆ ಯಾರ ಹತ್ತಿರವಾದರೂ ಬಾಯಿ ಬಿಟ್ಟಿದ್ದೀಯಾ ಎಂದು ಅಣ್ಣ ಕೇಳಿದಾಗ ಇವನಲ್ಲವೇ ಗಂಡಸು ಎಂದು ಹೆಮ್ಮೆಪಟ್ಟಿದ್ದಳು. ಮುಗಿಸು ಎಂದವಳು ಅವಳೇ. ಸತ್ಯ ಹೇಳಲು ಬಂದ ಒಬ್ಬನೇ ಒಬ್ಬ ಮನುಷ್ಯನನ್ನು ಕೊಲೆಗಾರನ ಜೊತೆ ಕಾಡಿಗೆ ಕಳಿಸಿ, ಬಂದೂಕಿಗೆ ತನ್ನ ಬಾಯಿಂದಲೇ ಗುಂಡು ತುಂಬಿಕೊಟ್ಟಿದ್ದಳು.

"ಥೂ ನನ್ನ ಜನ್ಮಕ್ಕೆ," ಎಂದಳು. ಹಾರ್ವಿಗಾಗಿ ಆರು ತಿಂಗಳು ಕಾಯಿಸಿದ್ದ ದ್ವೇಷ ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಕಾಡಿ ಬ್ರೂನೋನ ಮೇಲೆ ಹೋಗಿ ಕೂತಿತು. ಅಲ್ಲಿ ಅದು ಇನ್ನೂ ಬಿಸಿಯಾಯಿತು. ಸ್ವಂತ ಅಣ್ಣ. ಒಂದೇ ಹಾಲು ಕುಡಿದವನು.

ಆದರೆ ಮೊದಲು ಹಾರ್ವಿ ಬದುಕಬೇಕು. ಆ ಕಾಡಿನ ಕಡೆಯ ಪೊಲೀಸರಿಗೆ ಈಗಲೇ ಹೇಳಿದರೆ ಗುಡಿಸಲಿಗೆ ಹೋಗಿ ತಡೆಯಬಹುದು. ಅವಳು ಗೋಡೆಯ ಫೋನಿಗೆ ಕೈ ಹಾಕಿದಳು.

ಅವಳು ಎತ್ತುವ ಮೊದಲೇ ಅದು ಬಡಿದುಕೊಂಡಿತು.

"ಯಾರು? ಐರೀನಾ?" ಬ್ರೂನೋನ ದನಿ. ಹಿಂದೆ ಹೋಟೆಲಿನ ಗದ್ದಲ, ಬಾಟಲಿಗಳ ಸದ್ದು. "ಮನೆಗೆ ಮಾಡಿದ್ದೆ. ಚೆಂಡು ಒರೆಸೋಕೆ ಹೋದ್ಲು ಅಂದ್ಲು ಅಮ್ಮ."

"ಹೂಂ," ಎಂದಳು ಐರೀನ್. ದನಿ ನಡುಗದ ಹಾಗೆ ನೋಡಿಕೊಂಡಳು. "ಒರೆಸ್ತಾ ಇದೀನಿ."

"ಅಲೋಯ್ಸ್ ಅಂಗಡೀಲಿ ಒರೆಸ್ತಿದೀಯಾ?"

"ಬಟ್ಟೆ ಕೇಳೋಕೆ ಬಂದೆ. ನೀನೆಲ್ಲಿದೀಯ ಅಣ್ಣ?"

"ಕಾಡಿನ ಅಂಚಲ್ಲಿ. ಬಿಯರ್ ತಗೊಂಡು ಹೋಗೋಕೆ ಬಂದೆ. ನಿನ್ನ ಹಾರ್ವಿ ಮರದ ಮೇಲೆ ಮಂಗನ ಹಾಗೆ ಕೂತಿದಾನೆ, ಜಿಂಕೆ ಕಾಯ್ತಾ." ಬ್ರೂನೋ ನಕ್ಕ. "ಒಂದು ಸಲ ಕೇಳ್ಬಿಡೋಣ ಅಂತ ಮಾಡ್ದೆ. ಆಮೇಲೆ ನೀನು ಅಣ್ಣ ದುಡುಕಿದ ಅನ್ನಬಾರದು. ಮುಗಿಸ್ಲಾ? ಹೂಂ ಅಂದ್ರೆ ಸಾಕು."

ಹಾರ್ವಿ ಇನ್ನೂ ಬದುಕಿದ್ದಾನೆ. ಐರೀನ್ ಕಣ್ಣು ಮುಚ್ಚಿದಳು. ಬೇಡ ಎಂದರೆ ಬ್ರೂನೋಗೆ ಅನುಮಾನ ಬರುತ್ತದೆ. ಹೂಂ ಎಂದರೆ ಹಾರ್ವಿ ಸಾಯುತ್ತಾನೆ. ಸುಳ್ಳುಗಾರರ ನಡುವೆ ಕಳೆದ ಅಷ್ಟೂ ವರ್ಷಗಳ ಬುದ್ಧಿಯನ್ನು ಅವಳು ಒಂದು ಉಸಿರಿನಲ್ಲಿ ಒಟ್ಟುಮಾಡಿಕೊಂಡಳು.

"ಬೇಡ ಅಣ್ಣ," ಎಂದಳು, ಹಲ್ಲು ಮಸೆಯುವವಳ ದನಿಯಲ್ಲಿ. "ಗುಂಡು ಅವನಿಗೆ ಸುಲಭ ಆಯ್ತು. ರಾತ್ರಿಯೆಲ್ಲ ಅದನ್ನೇ ಯೋಚನೆ ಮಾಡ್ದೆ. ಅವನನ್ನ ಜೀವಂತ ಇಲ್ಲಿಗೆ ಕರ್ಕೊಂಡು ಬಾ. ಜಿಗ್ಗಿ ಬಿದ್ದ ಮೆಟ್ಟಿಲ ಮೇಲೇ ನಿಲ್ಲಿಸಿ ನಾನು ಅವನ ಮುಖ ನೋಡ್ಬೇಕು. ಆಮೇಲೆ ಏನು ಬೇಕಾದ್ರೂ ಮಾಡು."

ಆ ಕಡೆ ಒಂದು ಬಾಟಲಿಯ ಮುಚ್ಚಳ ತೆಗೆದ ಸದ್ದಾಯಿತು.

"ನಿನ್ನೆ ನೀನು ಹೀಗಂದಿರ್ಲಿಲ್ಲ," ಎಂದ ಬ್ರೂನೋ.

"ನಿನ್ನೆ ಹೊಟ್ಟೆ ಹಸಿದಿತ್ತು. ಇವತ್ತು ತಲೆ ಓಡ್ತಿದೆ."

"ಹೌದು. ನಿನ್ನ ತಲೆ ಯಾವಾಗ್ಲೂ ಚೆನ್ನಾಗಿ ಓಡುತ್ತೆ." ಅವನ ದನಿ ಬಹಳ ಮೃದುವಾಗಿತ್ತು, ಚಿಕ್ಕಂದಿನಲ್ಲಿ ಅವಳ ಮೊಣಕಾಲಿನ ಗಾಯ ತೊಳೆಯುತ್ತಿದ್ದಾಗಿನ ದನಿ. "ಆಯ್ತು, ಕರ್ಕೊಂಡು ಬರ್ತೀನಿ. ಅಲೋಯ್ಸ್ ಮಾಮನಿಗೆ ಫೋನ್ ಕೊಡು. ಲೀಗಿನ ವಿಷಯ ಒಂದು ಮಾತಾಡ್ಬೇಕು."

ಐರೀನ್ ಅಲೋಯ್ಸ್‌ನ ಕಣ್ಣಲ್ಲಿ ಕಣ್ಣಿಟ್ಟು ಬಾಯಿ ಬಿಡಬೇಡಿ ಎಂದು ತಲೆಯಾಡಿಸಿ ಫೋನು ಕೊಟ್ಟಳು.

ಮುದುಕ ಎರಡು ಕೈಯಲ್ಲಿ ಹಿಡಿದುಕೊಂಡ. "ಹೂಂ," ಎಂದ. ಬಹಳ ಹೊತ್ತು ಕೇಳಿಸಿಕೊಂಡ. "ಆ ಮಗು ಹೆಸರು ಎತ್ತಬೇಡ ಬ್ರೂನೋ, ನಿನ್ನ ದಮ್ಮಯ್ಯ," ಎಂದ. ಮತ್ತೆ ಕೇಳಿಸಿಕೊಂಡ. "ಹೂಂ. ಆಯ್ತು. ಹೂಂ."

ಫೋನು ಇಟ್ಟು ಅವನು ಕಾಲೆಳೆದುಕೊಂಡು ಬಾಗಿಲಿಗೆ ಹೋದ. ಒಳಗಿನಿಂದ ಬೀಗ ತಿರುಗಿಸಿ ಕೀಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡ. ವಾಪಸು ಬರುವಾಗ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತ.

"ಮಾಮ," ಎಂದಳು ಐರೀನ್. "ಏನು ಮಾಡ್ತಿದೀರಿ? ಬಾಗಿಲು ತೆಗೀರಿ. ಹಾರ್ವಿನ ಉಳಿಸಬೇಕು."

ಅಲೋಯ್ಸ್ ಕೂತ. ಅವನ ಕಣ್ಣಲ್ಲಿ ನೀರಿತ್ತು.

"ಬ್ರೂನೋ ಅಲ್ಲಿಂದ ಹೊರಟಾಯ್ತಂತೆ. ಬರೋವರೆಗೂ ನಿನ್ನ ಇಲ್ಲೇ ಕೂರಿಸ್ಕೋ ಅಂದ. ನನ್ನ ಬೈಕೋ ಮಗಾ, ಹೊಡಿ ಬೇಕಾದ್ರೆ. ನಂಗೆ ಮೊಮ್ಮಗಳು ಒಬ್ಬಳೇ."

"ಹಾರ್ವಿ?"

"ಹಾರ್ವಿ ಬೆಳಗಾಗ್ತಿದ್ದ ಹಾಗೇ ಸತ್ತನಂತೆ. ನೀನು ಏನಂತೀಯ ಅಂತ ನೋಡೋಕಷ್ಟೇ ಫೋನ್ ಮಾಡಿದ್ದಂತೆ. ನಿಂಗೆ ಹೇಳು ಅಂದ..." ಮುದುಕ ಜೇಬಿನ ಕೀಲಿಯನ್ನು ಮುಟ್ಟಿ ನೋಡಿಕೊಂಡ. "ತಂಗಿ ಬಾಯಿಬಿಟ್ಟು ಕೇಳಿದ ಕೆಲಸ, ಮಾಡದೆ ಇರೋಕಾಗುತ್ತಾ ಅಂತ."